ಮೇಣದ ಕತ್ತು

ಮೊನ್ನೆ ಬುಧವಾರದಿಂದ ನನ್ನ ಕತ್ತು ಹಿಡಿದುಕೊಂಡಿದೆ. ಈ ‘ಹಿಡಿದುಕೊಳ್ಳುವುದು’ ಎಂಬ ಕ್ರಿಯಾಪದದ ವೈಚಿತ್ರ್ಯವನ್ನು ನೀವೂ ಗಮನಿಸಿರಬಹುದು: ಬೇರೆಯವರು ಕತ್ತು ಹಿಡಿದರೆ ಮನುಷ್ಯ ಮನೆಯಿಂದ ಹೊರಗೆ ಬೀಳುತ್ತಾನೆ, ಕತ್ತೇ ತನ್ನನ್ನು ತಾನು ಹಿಡಿದುಕೊಂಡರೆ ಮನೆಯೊಳಗೇ ಬಿದ್ದಿರುತ್ತಾನೆ. ನನ್ನದು ಬಲಕ್ಕೆ ತಿರುಗುವುದಿಲ್ಲ. ಬಲಗಡೆಯ ಲೋಕವ್ಯಾಪಾರವೇನಾದರೂ ತಿಳಿಯಬೇಕಿದ್ದರೆ ಕವಾಯತಿನ ಪೊಲೀಸನಂತೆ ಸೊಂಟದಿಂದ ಮೇಲಿನ ಸಮಸ್ತ ಶರೀರವನ್ನೂ ತಿರುಗಿಸಬೇಕು. ಅಂಧೇರಿಯ ನಮ್ಮ ಬಿಲ್ಡಿಂಗಿನ ವಾಚ್‌ಮನ್ ನಿನ್ನೆ ಬಲಗಡೆಯಿಂದ ಸಲಾಮು ಹೊಡೆದಾಗ ನಾನು ತಿರುಗದೆ ಸೆಟೆದುಕೊಂಡೇ ಹೋದೆನಂತೆ. ನಿವೃತ್ತಿಯಾದ ಮೇಲೆ ಈ ಸಾಹೇಬನಿಗೆ ಇಷ್ಟು ಸೊಕ್ಕು ಎಲ್ಲಿಂದ ಬಂತು ಎಂದು ಲಿಫ್ಟಿನವನ ಹತ್ತಿರ ವಿಚಾರಿಸಿದನಂತೆ.

ಕತ್ತುನೋವಿಗೆ ಮುಂಬಯಿಯಲ್ಲಿ ವೈದ್ಯರಲ್ಲದವರು ಯಾರೂ ಇಲ್ಲ. ದಿಂಬು ಎತ್ತರವಾಯಿತು ಎಂದವರುಂಟು, ಫ್ಯಾನಿನ ಕೆಳಗೆ ಮಲಗಿದ್ದರ ಫಲ ಎಂದವರುಂಟು, ಮೊಬೈಲಿನ ಮೇಲೆ ಹಾಕದವರಂತೂ ಇಲ್ಲವೇ ಇಲ್ಲ. ಆದರೆ ನಮ್ಮ ಮನೆಯಲ್ಲಿ ಸರ್ವಾನುಮತದಿಂದ ಅಂಗೀಕೃತವಾದ ನಿದಾನವೆಂದರೆ, ಬುಧವಾರ ಬೈಕುಲ್ಲಾದ ಇಗರ್ಜಿಯಲ್ಲಿ ನಾನು ಬಾಯಿ ತೆರೆದುಕೊಂಡು ಚಾವಣಿ ನೋಡಿದ್ದೇ ಇದಕ್ಕೆಲ್ಲ ಕಾರಣ ಎಂಬುದು. ಇದು ನನ್ನ ಹೆಂಡತಿ ವಸಂತಿಯ ಅಭಿಪ್ರಾಯ. ಮೂರನೆಯ ಮಾಳಿಗೆಯ ಸೆವ್ರಿನ್ ಬಾಯಿ ಇದನ್ನು ಅನುಮೋದಿಸಿದ್ದಾರೆ. ತಲೆಯಾಡಿಸಿ ಒಪ್ಪುವ ಸ್ಥಿತಿಯಲ್ಲಿ ಇಲ್ಲದ ಕಾರಣ ನಾನು ಬಾಯಿಮಾತಿನಲ್ಲಿ ಒಪ್ಪಿಕೊಂಡಿದ್ದೇನೆ. ಒಪ್ಪಿದ್ದು ಪೂರ್ತಿ ನಿಜವಲ್ಲ; ಆ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಚಾವಣಿ ನೋಡಿ ಕತ್ತು ಉಳುಕಿಸಿಕೊಳ್ಳುವುದು ಮುಂಬಯಿಗನಿಗೆ ಒಪ್ಪುವ ರೋಗವೇ ಅಲ್ಲ. ಈ ಊರಿನಲ್ಲಿ ಕತ್ತಿನ ಉಪಯೋಗಗಳು ಪರಿಮಿತ: ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಬಾಗಿ ಲೋಕಲ್ ಬಂತೇ ಎಂದು ಇಣುಕುವುದಕ್ಕೆ, ಪಕ್ಕದವನ ಮೊಬೈಲಿನಲ್ಲಿ ಏನು ನಡೆದಿದೆ ಎಂದು ಓರೆಯಾಗಿ ನೋಡುವುದಕ್ಕೆ, ಉಳಿದಂತೆ ಬಗ್ಗಿಸಿಕೊಂಡು ನಡೆಯುವುದಕ್ಕೆ. ಮೇಲೆ ನೋಡಿದರೆ ಯಾರದೋ ಏಸಿಯ ನೀರು ನೇರವಾಗಿ ಕಣ್ಣಿಗೇ ಬೀಳುತ್ತದೆ. ನಲವತ್ತು ಮಾಳಿಗೆಯ ಕಟ್ಟಡಗಳನ್ನು ಕಟ್ಟಿದ ಊರಿನಲ್ಲಿ ನಾಲ್ಕನೆಯ ಮಾಳಿಗೆಯ ಮೇಲೆ ಏನಿದೆ ಎಂದು ಕತ್ತೆತ್ತಿ ನೋಡಿದವರು ಸಿಗುವುದು ಕಷ್ಟ.

ಅದರಲ್ಲೂ ನನ್ನಂಥವನು ನಿಂತು ಮೇಲೆ ನೋಡುವುದೆಂದರೆ ನಂಬುವ ಮಾತಲ್ಲ. ನಾನು ಸ್ವಭಾವತಃ ಚಡಪಡಿಕೆಯವನು. ಉಡುಪಿಯಲ್ಲಿ ನನ್ನ ಬಾಲ್ಯವನ್ನು ಕಂಡವರು ಇವನು ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು ಎನ್ನುತ್ತಿದ್ದರು. ಅಮ್ಮ ಮಾತ್ರ, ಚಕ್ರ ಇರುವುದು ಕಾಲಿಗಲ್ಲ, ತಲೆಗೆ ಎಂದು ತಿದ್ದುತ್ತಿದ್ದಳು. ಮುಂಬಯಿಗೆ ಬಂದ ಮೇಲೆ ನನ್ನ ಈ ದೋಷ ಗುಣವಾಯಿತು. ಗುಣವಾಯಿತು ಎಂದರೆ ವಾಸಿಯಾಯಿತು ಎಂದಲ್ಲ, ಸದ್ಗುಣವೆಂದು ಪರಿಗಣಿತವಾಯಿತು ಎಂದು. ಒಂದು ಕಡೆ ಕೂರಲಾರದವನನ್ನು ಬೇರೆ ಊರಿನಲ್ಲಿ ಕೋತಿ ಎನ್ನುತ್ತಾರೆ, ಇಲ್ಲಿ ಕೆಲಸಗಾರ ಎನ್ನುತ್ತಾರೆ. ಮಾಟುಂಗದ ಹೋಟೆಲಿನಲ್ಲಿ ನಾನು ಕಾಫಿಯನ್ನು ಆರುವ ಮೊದಲೇ ಕುಡಿದು ನಾಲಗೆ ಸುಟ್ಟುಕೊಂಡು ಎದ್ದುಬಿಡುತ್ತೇನೆ. ಅಂಧೇರಿಯಲ್ಲಿ ಇಳಿಯಬೇಕಾದ ನಾನು ಖಾರ್ ದಾಟುವ ಮೊದಲೇ ಸೀಟು ಬಿಟ್ಟು ಬಾಗಿಲಿಗೆ ಹೋಗಿ ನಿಲ್ಲುತ್ತೇನೆ, ಡಬ್ಬಿ ಖಾಲಿಯಿದ್ದರೂ. ದೇವಸ್ಥಾನಗಳು ನನಗೆ ಹಿಡಿಸುವುದಕ್ಕೆ ಕಾರಣ ಭಕ್ತಿಯಲ್ಲ, ಪ್ರದಕ್ಷಿಣೆ. ಸುತ್ತುವುದನ್ನೇ ಪುಣ್ಯವೆಂದು ಒಪ್ಪಿಕೊಂಡ ನಮ್ಮ ಹಿರಿಯರಲ್ಲಿ ನನ್ನ ಜಾಯಮಾನದವರು ಯಾರೋ ಇದ್ದಿರಲೇಬೇಕು.

ಇಂಥ ಮನುಷ್ಯನಿಗೆ ಕಾಯುವುದಕ್ಕಿಂತ ಘೋರವಾದ ಶಿಕ್ಷೆಯಿಲ್ಲ, ಈ ಸಲ ಕಾಯಬೇಕಾಗಿ ಬಂದದ್ದು ಲೋಕಲ್ಲಿಗಲ್ಲ. ಕೆಲವು ವಾರಗಳ ಹಿಂದೆ ವಸಂತಿ ಕರಿಮಣಿಯ ಕೊಕ್ಕೆ ಹಾಕಿಕೊಳ್ಳುವಾಗ ಕುತ್ತಿಗೆಯಲ್ಲಿ ಏನೋ ಕೈಗೆ ಸಿಕ್ಕಿತೆಂದಳು. ಕಡಲೆಕಾಳಿನಷ್ಟು ಇದ್ದದ್ದು ಹುಣಿಸೆಬೀಜದಷ್ಟಾಯಿತು. ಡಾಕ್ಟರು ಒತ್ತಿ ನೋಡಿದರು, ಸ್ಕ್ಯಾನು ಮಾಡಿಸಿದರು, ಆಮೇಲೆ ಸೂಜಿ ಹಾಕಿ ಗಂಟಿನ ಒಳಗಿನದನ್ನು ಒಂದಿಷ್ಟು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಗುರುವಾರ ಸಂಜೆ ಬರುತ್ತದೆ, ಅಲ್ಲಿಯವರೆಗೆ ಸುಮ್ಮನಿರಿ ಎಂದರು. ಸುಮ್ಮನಿರುವುದು ಹೇಗೆ ಎಂಬುದನ್ನು ಯಾವ ವೈದ್ಯನೂ ಬರೆದುಕೊಡುವುದಿಲ್ಲ. ವಸಂತಿ ಎಂದಿನಂತೆ ದೋಸೆ ಹಿಟ್ಟು ರುಬ್ಬಿದಳು, ಸೀರೆಗೆ ಫಾಲ್ ಹೊಲಿದಳು, ಧಾರಾವಾಹಿ ನೋಡಿದಳು. ನಾನು ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ತಿರುಗಿದೆ, ಮೊಬೈಲಿನಲ್ಲಿ ಗಂಟುಗಳ ಬಗ್ಗೆ ಓದಿ ಹೆದರುವಷ್ಟು ತಿಳಿದುಕೊಂಡೆ. ಕತ್ತು, ಕತ್ತಿ, ಕತ್ತೆ ಇವುಗಳ ನಡುವೆ ಇರುವುದು ಒಂದು ಗುಣಿತದ ಅಂತರ. ಅವಳದು ಕತ್ತು, ಡಾಕ್ಟರದು ಕತ್ತಿ, ಮೂರನೆಯದರ ಪಾತ್ರ ನನಗೆ ಉಳಿದಿತ್ತು. ಹಾಸ್ಯಕ್ಕೆ ಹೀಗೆ ಬರೆಯುತ್ತಿದ್ದೇನೆ, ಆದರೆ ಆ ದಿನಗಳಲ್ಲಿ ನನಗೆ ತುಂಬ ಭಯವಾಗಿತ್ತು.

ಸೆವ್ರಿನ್ ಬಾಯಿ ಬಂದದ್ದು ಈ ಸಂದರ್ಭದಲ್ಲಿ. ಅವರು ಮಂಗಳೂರು ಕಡೆಯವರು, ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಅವರ ಮನೆಯ ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಗಳು ನಮ್ಮ ಮನೆಗೂ ನಮ್ಮ ಅಷ್ಟಮಿಯ ಉಂಡೆ ಚಕ್ಕುಲಿ ಅವರ ಮನೆಗೂ ಬಹುಕಾಲದಿಂದ ಏರಿಳಿಯುತ್ತ ಬಂದಿವೆ. ಬೈಕುಲ್ಲಾದ ಹಳೆಯ ಇಗರ್ಜಿಯೊಂದರಲ್ಲಿ ಬುಧವಾರಗಳಂದು ಹರಕೆ ಒಪ್ಪಿಸುವ ಪದ್ಧತಿಯಿದೆಯೆಂದೂ, ಶರೀರದ ಯಾವ ಭಾಗಕ್ಕೆ ತೊಂದರೆಯಿದೆಯೋ ಆ ಭಾಗದ ಮೇಣದ ಅಚ್ಚು ಗೇಟಿನ ಹೊರಗೆ ಸಿಗುತ್ತದೆಯೆಂದೂ, ಅದನ್ನು ಮೇರಿ ಮಾತೆಯ ಪಾದದ ಹತ್ತಿರ ಇಟ್ಟು ಬಂದರಾಯಿತೆಂದೂ ಅವರು ವಿವರಿಸಿದರು. ಹಿಂದೂಗಳು, ಪಾರ್ಸಿಗಳು ಎಲ್ಲರೂ ಹೋಗುತ್ತಾರಂತೆ. ತಮಗೆ ಮೊಣಕಾಲಿನ ದೆಸೆಯಿಂದ ಬರಲಾಗುವುದಿಲ್ಲ ಎಂದವರು, ನನ್ನ ಮುಖದಲ್ಲಿದ್ದ ವಿಚಾರವಾದಿಯ ಬಿಗುಮಾನವನ್ನು ಕಂಡು, “ಹೋಗಿ ಬನ್ನಿ ಮಾರಾಯ್ರೆ, ಮಾತೆಗೆ ಭಾಷೆಯ ತಕರಾರು ಇಲ್ಲ” ಎಂದರು. ಇಂಥದ್ದರಲ್ಲೆಲ್ಲ ನನಗೆ ನಂಬಿಕೆಯಿಲ್ಲ ಎಂಬುದನ್ನು ನಾನು ಸವಿಸ್ತಾರವಾಗಿ ಪ್ರತಿಪಾದಿಸಿದೆ. ಪ್ರತಿಪಾದಿಸುತ್ತಲೇ ಮೊಬೈಲಿನಲ್ಲಿ ದಾದರಿನಿಂದ ಬೈಕುಲ್ಲಾಕ್ಕೆ ಮಧ್ಯಾಹ್ನ ಯಾವ ಸ್ಲೋ ಲೋಕಲ್ ಇದೆ ಎಂದು ನೋಡಿಟ್ಟುಕೊಂಡೆ.

ಬೈಕುಲ್ಲಾ ಸ್ಟೇಷನ್ನಿನಲ್ಲಿ ವಸಂತಿ ಲೇಡೀಸ್ ಡಬ್ಬಿಯಿಂದಲೂ ನಾನು ಜನರಲ್ ಡಬ್ಬಿಯಿಂದಲೂ ಇಳಿದು ಸೇತುವೆಯ ಕೆಳಗೆ ಸೇರಿದೆವು. ನಮ್ಮ ಮೂವತ್ತು ವರ್ಷದ ದಾಂಪತ್ಯದ ಪ್ರಯಾಣವೆಲ್ಲ ನಡೆದದ್ದು ಹೀಗೆ ಬೇರೆ ಬೇರೆ ಡಬ್ಬಿಗಳಲ್ಲಿಯೇ. ಈರುಳ್ಳಿ ಮೂಟೆಯ ಕೈಗಾಡಿಗಳಿಗೆ ದಾರಿ ಬಿಡುತ್ತ, ವೆಲ್ಡಿಂಗಿನ ಕಿಡಿಗಳಿಂದ ಸೀರೆಯನ್ನು ಉಳಿಸಿಕೊಳ್ಳುತ್ತ, ಬೇಕರಿಯೊಂದರ ಬಿಸಿ ಪಾವಿನ ಪರಿಮಳವನ್ನು ದಾಟಿ ಹೋದರೆ ಇಗರ್ಜಿ. ಹೊರಗಿನಿಂದ ಅದು ಮಸಿ ಹಿಡಿದ ಬೂದುಬಣ್ಣದ ಗಂಭೀರ ಕಟ್ಟಡ, ಒಳಗೆ ಏನಿದೆ ಎಂಬುದರ ಸುಳಿವೇ ಕೊಡುವುದಿಲ್ಲ.

ಗೇಟಿನ ಪಕ್ಕದಲ್ಲಿ ನೀಲಿ ಪ್ಲಾಸ್ಟಿಕ್ಕಿನ ನೆರಳಲ್ಲಿ ಒಬ್ಬ ಮರಾಠಿ ಹೆಂಗಸು ಮೇಜಿನ ಮೇಲೆ ಮನುಷ್ಯನನ್ನು ಬಿಡಿಬಿಡಿಯಾಗಿ ಹರಡಿಟ್ಟಿದ್ದಳು. ಬಿಳಿ ಮೇಣದ ಕೈಗಳು, ಕಾಲುಗಳು, ಜೋಡಿ ಕಣ್ಣುಗಳು, ಒಂದು ಹೃದಯ, ತೊಟ್ಟಿಲ ಮಗು. ಇವೆಲ್ಲಕ್ಕಿಂತ ಹೆಚ್ಚು ಸಂಖ್ಯೆಯಲ್ಲಿದ್ದದ್ದು ಬಾಗಿಲು ಕಿಟಕಿಗಳುಳ್ಳ ಪುಟ್ಟ ಮನೆಗಳು. ಮುಂಬಯಿಗನ ದೇಹದಲ್ಲಿ ಅತ್ಯಂತ ಪೀಡಿತವಾದ ಅವಯವ ಮನೆಯೇ ಅಲ್ಲವೇ. ನಾನು ವಿಚಾರವಾದಿಯ ಉಪೇಕ್ಷೆಯಿಂದ ಬೇರೆಲ್ಲೋ ನೋಡುವವನಂತೆ ನಿಂತು ಕಳ್ಳಗಣ್ಣಿನಿಂದ ಮೇಜಿನ ಮೇಲೆಲ್ಲ ಕತ್ತನ್ನು ಹುಡುಕಿದೆ. ಸಿಗಲಿಲ್ಲ. ಕೇಳೋಣವೆಂದರೆ ನಾಚಿಕೆ. ಅಷ್ಟರಲ್ಲಿ ವಸಂತಿ ಮುಂದೆ ಬಂದು, “ಮನ್ ಕಾ ಹೈ ಕ್ಯಾ?” ಎಂದು ಕೇಳಿದಳು. ಮನಸ್ಸಿಗೆ ಸಂಬಂಧಿಸಿದ್ದೇನಾದರೂ ಇದೆಯೇ ಎಂದು ಅವಳ ಪ್ರಶ್ನೆ.

ಆ ಹೆಂಗಸು ವಸಂತಿಯನ್ನೊಮ್ಮೆ ನೋಡಿ, ತನ್ನ ಗಂಟಲ ಮೇಲೆ ಎರಡು ಬೆರಳಿಟ್ಟುಕೊಂಡು ವಿಚಾರಿಸುವ ದನಿಯಲ್ಲಿ “ಮಾನ್?” ಎಂದಳು. ವಸಂತಿ ಆ ದಿನಗಳಲ್ಲಿ ಸೆರಗನ್ನು ಕುತ್ತಿಗೆಯ ಸುತ್ತ ಹೊದ್ದುಕೊಂಡೇ ಹೊರಗೆ ಬರುತ್ತಿದ್ದಳು. ಗಂಟು ಯಾರಿಗೂ ಕಾಣುವಂತಿರಲಿಲ್ಲ. ಇವಳಿಗೆ ಹೇಗೆ ತಿಳಿಯಿತು? ನನ್ನ ಸಮಸ್ತ ವಿಚಾರವಾದವೂ ಗೇಟಿನ ಹೊರಗೇ ಕುಸಿದು ಕೂತಿತು. ಅವಳು ಮೇಜಿನ ಕೆಳಗಿನ ಡಬ್ಬದಿಂದ ಕತ್ತುಸಮೇತವಾದ ಒಂದು ತಲೆಯನ್ನು ತೆಗೆದು, ಬಟ್ಟೆಯಿಂದ ಒರೆಸಿ, “ಮಾನ್ ಅಲಗ್ ನಹೀಂ ಆತಾ ಬಾಯಿ, ಮುಂಡಿ ಕೇ ಸಾಥ್ ಆತಾ ಹೈ” ಎಂದು ಕೊಟ್ಟಳು. ಕತ್ತು ಬೇರೆಯಾಗಿ ಬರುವುದಿಲ್ಲ, ತಲೆಯ ಜೊತೆಗೇ ಬರುತ್ತದೆ.

ಆಗ ನನಗೆ ಹೊಳೆಯಿತು. ಮುಂಬಯಿಯಲ್ಲಿ ಎಷ್ಟು ವರ್ಷ ಕಳೆದರೂ ನಮ್ಮೂರಿನವರ ಹಿಂದಿಯಲ್ಲಿ ಹ್ರಸ್ವ ದೀರ್ಘಗಳು ತಮಗೆ ತೋಚಿದಲ್ಲಿ ಕೂರುತ್ತವೆ. ವಸಂತಿ ‘ಮನ್’ ಎಂದದ್ದು ಸ್ವಲ್ಪ ಉದ್ದವಾಗಿ ‘ಮಾನ್’ ಆಯಿತು, ಮರಾಠಿಯಲ್ಲಿ ಮಾನ್ ಎಂದರೆ ಕತ್ತು. ಕನ್ನಡದಲ್ಲಿ ಮಾನ ಎಂದರೆ ಮರ್ಯಾದೆ. ಅದನ್ನು ಉಳಿಸಿಕೊಳ್ಳಲು ನಾನು ಮರಾಠಿ ಪಂಡಿತನಂತೆ ಈ ಅರ್ಥಭೇದವನ್ನು ಅಲ್ಲೇ ರಸ್ತೆಯಲ್ಲಿ ನಿಂತು ವಿವರಿಸಿದೆ. ವಸಂತಿ ಕೇಳಿ ನಕ್ಕಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಸೂಜಿ ಹಾಕಿಸಿಕೊಂಡು ಬಂದ ದಿನದಿಂದ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ, ಹಾಗಾಗಿ ವಾಪಸು ಕೊಟ್ಟು ಬೇರೆ ಕೇಳೋಣವೆಂಬ ಯೋಚನೆ ಇಬ್ಬರಿಗೂ ಬರಲಿಲ್ಲ. ಅವಳು ಆ ತಲೆಯನ್ನು ಕೈಚೀಲದಲ್ಲಿ ಕರ್ಚೀಫಿನೊಳಗೆ ಸುತ್ತಿಟ್ಟುಕೊಂಡಳು. ಅವಳ ಮನಸ್ಸು ಕಳವಳದಲ್ಲಿದೆ, ಅದಕ್ಕೇ ಮನ್ ಕೇಳಿದ್ದಾಳೆ ಎಂದು ನಾನು ನನ್ನಷ್ಟಕ್ಕೆ ತೀರ್ಮಾನಿಸಿಕೊಂಡೆ.

ಬಾಗಿಲಲ್ಲಿ ನಮ್ಮಿಂದ ಒಂದೆರಡು ಪ್ರಮಾದಗಳಾದವು. ಚಪ್ಪಲಿ ಬಿಡಬೇಕಾಗಿಲ್ಲ ಎಂದು ಸೆವ್ರಿನ್ ಬಾಯಿ ಮೊದಲೇ ಹೇಳಿದ್ದರೂ ವಸಂತಿ, ದೇವರು ಯಾರದ್ದಾದರೇನು, ನೆಲ ದೇವರದ್ದಲ್ಲವಾ ಎಂದು ಬಿಟ್ಟೇ ಬಿಟ್ಟಳು. ನಾನೂ ಬಿಟ್ಟೆ, ಬಿಟ್ಟ ಮೇಲೆ ಇಡಲು ಜಾಗವಿಲ್ಲವೆಂದು ತಿಳಿದು ಎರಡು ಜೊತೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಂಕುಳಲ್ಲಿ ಇಟ್ಟುಕೊಂಡೆ. ಬಾಗಿಲ ಬದಿಯಲ್ಲಿ ಅಮೃತಶಿಲೆಯ ಚಿಪ್ಪಿನಂಥ ಪಾತ್ರೆಯಲ್ಲಿ ಪವಿತ್ರ ಜಲವಿತ್ತು. ಮುಂದಿನವರು ಬೆರಳದ್ದಿ ಹಣೆಗೆ ಮುಟ್ಟಿಸಿಕೊಂಡದ್ದನ್ನು ನಾನು ನೋಡಿದ್ದೆ, ನಿಜ. ಆದರೆ ಜನ್ಮಾಭ್ಯಾಸ ಕಣ್ಣಿನ ಮಾತು ಕೇಳುವುದಿಲ್ಲ. ಬಲಗೈಯನ್ನು ಗೋಕರ್ಣ ಮಾಡಿ, ಒಂದು ಹನಿ ತೀರ್ಥ ಕುಡಿದು, ಉಳಿದದ್ದನ್ನು ತಲೆಗೆ ಒರೆಸಿಕೊಂಡೆ. ಪಕ್ಕದಲ್ಲಿದ್ದ ಮುದುಕರೊಬ್ಬರು ನೋಡಿಯೂ ನೋಡದವರಂತೆ ಮುಖ ತಿರುಗಿಸಿ ನನ್ನ ಮಾನ ಕಾಪಾಡಿದರು.

ಆಮೇಲೆ ನಾನು ಕತ್ತೆತ್ತಿದೆ. ಎತ್ತಿದವನು ಎಷ್ಟು ಹೊತ್ತು ಹಾಗೇ ನಿಂತೆನೋ ತಿಳಿಯದು. ಆ ಬೂದುಬಣ್ಣದ ಕಟ್ಟಡದ ಹೊಟ್ಟೆಯಲ್ಲಿ ಇಷ್ಟು ಎತ್ತರ ಎಲ್ಲಿ ಅಡಗಿತ್ತು? ಎರಡೂ ಸಾಲಿನ ಕಂಬಗಳು ಏರಿ ಏರಿ, ಇನ್ನು ಏರಲಾರೆವು ಎನ್ನುವಲ್ಲಿ ಪರಸ್ಪರ ಕೈಚಾಚಿ ಕಮಾನುಗಳಾಗಿ ಕೂಡಿಕೊಂಡಿದ್ದವು. ಕಮಾನುಗಳ ನಡುವಿನ ಅವಕಾಶವನ್ನೆಲ್ಲ ಯಾರೋ ಗಾಢ ನೀಲಿಯಿಂದ ತುಂಬಿ, ನೀಲಿಯ ಮೇಲೆ ಬಂಗಾರದ ನಕ್ಷತ್ರಗಳನ್ನು ಬರೆದಿದ್ದರು. ಮುಂಬಯಿಯ ನಿಜವಾದ ಆಕಾಶದಲ್ಲಿ ನಾನು ನಕ್ಷತ್ರ ಕಂಡು ಬಹಳ ಕಾಲವಾಯಿತು. ನಾಲ್ಕು ಮೂಲೆಗಳಲ್ಲಿ ಲೇಖನಿ ಹಿಡಿದ ನಾಲ್ವರು ಗಡ್ಡಧಾರಿಗಳು ಪುಸ್ತಕ ಬರೆಯುತ್ತಿದ್ದರು. ಬರೆಯುವವರಿಗೆ ಮೂಲೆಯೇ ಗತಿ ಎಂಬುದು ಎಲ್ಲ ಮತಗಳಲ್ಲೂ ಒಂದೇ ಎಂದು ಕನ್ನಡ ಲೇಖಕನಾದ ನನಗೆ ಕಿಂಚಿತ್ ಸಮಾಧಾನವಾಯಿತು. ಆ ನಕ್ಷತ್ರಖಚಿತ ಗಗನದಿಂದ ಉದ್ದುದ್ದ ಪೈಪುಗಳಲ್ಲಿ ಸೀಲಿಂಗ್ ಫ್ಯಾನುಗಳು ಇಳಿಬಿದ್ದು, ಮುಂಬಯಿಯ ಸೆಕೆಯ ಮುಂದೆ ಸ್ವರ್ಗವೂ ತಲೆಬಾಗಬೇಕು ಎಂದು ತೋರಿಸುತ್ತ ಗರಗರ ತಿರುಗುತ್ತಿದ್ದವು.

ಎದುರಿಗೆ ಬಲಿಪೀಠ. ಅದರ ಹಿಂದೆ ನೆಲದಿಂದ ಕಮಾನಿನವರೆಗೆ ಮರದಲ್ಲಿ ಕೆತ್ತಿ ಚಿನ್ನದ ಲೇಪ ಕೊಟ್ಟ ಒಂದು ಇಡೀ ಗೋಡೆ. ಹಗ್ಗದಂತೆ ಹೊಸೆದುಕೊಂಡ ಕಂಬಗಳು, ಕಂಬಗಳಿಗೆ ಸುತ್ತಿದ ದ್ರಾಕ್ಷಿಬಳ್ಳಿ, ಬಳ್ಳಿಯಲ್ಲಿ ಹಕ್ಕಿ, ಹಕ್ಕಿಯ ಕೊಕ್ಕಿನಲ್ಲಿ ಮತ್ತೆ ದ್ರಾಕ್ಷಿ. ದ್ರಾಕ್ಷಿಯ ತೋಟವನ್ನು ಆ ಬಡಗಿ ಜನ್ಮದಲ್ಲಿ ಕಂಡಿರಲಿಲ್ಲವೆಂದು ತೋರುತ್ತದೆ, ಗೊಂಚಲುಗಳೆಲ್ಲ ಅನಾನಸಿನ ಬಂಧುಗಳಂತಿದ್ದವು. ದೇವದೂತರ ಮುಖಗಳನ್ನೂ ಅವನು ಪರದೇಶದಿಂದ ತರಿಸಿರಲಿಲ್ಲ. ರೆಕ್ಕೆಯನ್ನು ಕೈಯಿಂದ ಮುಚ್ಚಿ ನೋಡಿದರೆ ನಮ್ಮ ಉಡುಪಿಯ ಪಟಗಳಲ್ಲಿರುವ ಬಾಲಕೃಷ್ಣನ ಅದೇ ಉಬ್ಬಿದ ಕೆನ್ನೆ, ಅದೇ ಬೆಣ್ಣೆ ಕದ್ದ ಕಣ್ಣು. ಬದಿಯ ಬಣ್ಣದ ಗಾಜುಗಳಿಂದ ಮಧ್ಯಾಹ್ನದ ಬಿಸಿಲು ಕೆಂಪಾಗಿ, ಹಸಿರಾಗಿ, ನೇರಳೆಯಾಗಿ ಇಳಿದು ನೆಲದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಬೆಂಚಿನಲ್ಲಿ ಕೂತ ವಸಂತಿಯ ಬರಿಗಾಲು ಒಮ್ಮೆ ನೇರಳೆ, ಇನ್ನೊಮ್ಮೆ ಕುಂಕುಮ ಬಣ್ಣ.

ನನ್ನ ಕಣ್ಣಿಗೆ ಅಲ್ಲಿ ಎಲ್ಲಿಯೂ ಕೂರಲು ಜಾಗವಿರಲಿಲ್ಲ. ಒಂದು ಎಲೆಯ ಮೇಲೆ ನಿಲ್ಲಿಸೋಣವೆಂದರೆ ಅದು ಬಳ್ಳಿಗೆ ದಾಟಿಸುತ್ತದೆ, ಬಳ್ಳಿ ಕಂಬಕ್ಕೆ, ಕಂಬ ಸಂತನ ಮಡಚಿದ ನಿಲುವಂಗಿಗೆ, ನಿಲುವಂಗಿ ಮೇಲಿನ ಮೋಡಕ್ಕೆ. ಇಂಥ ಅಲಂಕಾರವನ್ನು ಅತಿಯೆಂದು ಹಳಿಯುವ ರಸಿಕರಿದ್ದಾರೆ, ನಾನೂ ಹಳಿದಿದ್ದೇನೆ. ಆ ಹೊತ್ತಿನಲ್ಲಿ ಮಾತ್ರ, ಅಂಗೈಯಗಲದ ಖಾಲಿ ಜಾಗ ಕಂಡರೂ ಅಲ್ಲೊಂದು ಹೂವು ಕೆತ್ತದೆ ಇರಲಾರದ ಆ ಅಜ್ಞಾತ ಬಡಗಿಯ ಮೇಲೆ ನನಗೆ ಅಪಾರ ಬಂಧುಭಾವ ಹುಟ್ಟಿತು. ಅವನೂ ಸುಮ್ಮನೆ ಕೂರಲಾರದವನು. ಅವನ ಮನೆಯಲ್ಲಿಯೂ ಯಾರಿಗೋ ಏನೋ ಆಗಿದ್ದಿರಬಹುದು, ಕೈಗೆ ಬಿಡುವಾದರೆ ಯೋಚನೆ ಬರುತ್ತದೆಂದು ಉಳಿಯನ್ನು ಕೆಳಗಿಡದೆ ಕೆತ್ತಿರಬಹುದು. ವ್ಯತ್ಯಾಸವಿಷ್ಟೇ, ಅವನ ಚಡಪಡಿಕೆ ಚಿನ್ನದ ಗೋಡೆಯಾಯಿತು, ನನ್ನದು ಹಾಲಿನ ಟೈಲ್ಸು ಸವೆಸಿತು.

ಬೆಂಚಿನಲ್ಲಿ ಕೂರಲು ಪ್ರಯತ್ನಿಸಿದೆ. ಮಂಡಿಯೂರುವ ಹಲಗೆಗೆ ಕಾಲು ತಾಗಿ ಅದು ಢಣಾರೆಂದು ಬಿತ್ತು, ಚಪ್ಪಲಿಯ ಚೀಲ ಚರಪರ ಎಂದಿತು. ವಸಂತಿ ಹೇಳಬೇಕಾದ್ದನ್ನೆಲ್ಲ ಕಣ್ಣಿನಲ್ಲೇ ಹೇಳಿದಳು. ಪ್ರದಕ್ಷಿಣೆಗೆ ದಾರಿಯಿದೆಯೇ ಎಂದು ನೋಡಿದರೆ ಪೀಠ ಗೋಡೆಗೆ ಅಂಟಿಕೊಂಡಿತ್ತು. ಇದು ಕೂರುವವರ ದೇವರು, ಸುತ್ತುವವರದ್ದಲ್ಲ ಎಂದು ಹತಾಶನಾದೆ. ಅಷ್ಟರಲ್ಲಿ ಒಬ್ಬ ಹೆಂಗಸು ಗೋಡೆಯುದ್ದಕ್ಕೂ ಒಂದೊಂದು ಉಬ್ಬುಚಿತ್ರದ ಎದುರಿಗೆ ಬಂದು ನಿಂತು, ಪ್ರಾರ್ಥಿಸಿ, ಮುಂದಕ್ಕೆ ನಡೆಯುತ್ತಿದ್ದದ್ದು ಕಂಡಿತು. ಶಿಲುಬೆಯ ಹಾದಿ: ಯೇಸು ಶಿಲುಬೆ ಹೊತ್ತು ನಡೆದ ದಾರಿಯ ಒಂದೊಂದು ಘಟ್ಟವನ್ನೂ ಗೋಡೆಯ ಮೇಲೆ ಕೂರಿಸಿ, ಭಕ್ತರೂ ಜೊತೆಗೆ ನಡೆಯಲಿ ಎಂದು ಮಾಡಿದ ಏರ್ಪಾಡು. ಅಂತೂ ಇವರಲ್ಲಿಯೂ ನನ್ನಂಥವರ ಯೋಗಕ್ಷೇಮ ವಿಚಾರಿಸಿದ ಪುಣ್ಯಾತ್ಮರಿದ್ದರು. ನಾನು ಕೃತಜ್ಞನಾಗಿ ಎದ್ದು ನಡೆಯತೊಡಗಿದೆ.

ನಡೆಯುತ್ತ ಒಂದು ಚಿತ್ರದ ಮುಂದೆ ನಿಂತೆ. ಭಾರ ಹೊತ್ತು ಬಳಲಿದವನ ಮುಖವನ್ನು ದಾರಿಯಲ್ಲಿದ್ದ ಹೆಂಗಸೊಬ್ಬಳು ಬಟ್ಟೆಯಿಂದ ಒರೆಸುತ್ತಿದ್ದಾಳೆ. ಅವಳು ಶಿಲುಬೆಯನ್ನು ಇಳಿಸಲಾರಳು, ಸೈನಿಕರನ್ನು ತಡೆಯಲಾರಳು. ಬೆವರು ಒರೆಸಬಲ್ಲಳು, ಒರೆಸುತ್ತಿದ್ದಾಳೆ. ನಾನು ಏನೋ ನೆನಪಾದವನಂತೆ ಹಿಂತಿರುಗಿ ನೋಡಿದೆ. ಅಷ್ಟು ದೂರದಿಂದ, ಆ ಕಮಾನುಗಳ ಅಡಿಯಲ್ಲಿ, ಖಾಲಿ ಬೆಂಚುಗಳ ಸಾಲಿನಲ್ಲಿ ವಸಂತಿ ಬಹಳ ಚಿಕ್ಕವಳಾಗಿ ಕಂಡಳು. ಮನೆಯಲ್ಲಿ ಅವಳು ಹಾಗೆ ಕಂಡದ್ದೇ ಇಲ್ಲ, ಮನೆಯ ತುಂಬ ಅವಳೇ ಇರುತ್ತಾಳೆ. ಈ ಬೆಂಚು ಖಾಲಿಯಾದರೆ ಎಂಬ ಒಂದು ಯೋಚನೆ ಬಂತು. ಬಂದದ್ದನ್ನು ಪೂರ್ತಿ ಮಾಡುವ ಧೈರ್ಯವಾಗಲಿಲ್ಲ. ಹಾದಿಯನ್ನು ಅರ್ಧಕ್ಕೇ ಬಿಟ್ಟು ಅವಳ ಹತ್ತಿರ ಬಂದು ಕೂತೆ.

ಅವಳು ಆಗಲೇ ಬದಿಯ ಮಂಟಪಕ್ಕೆ ಹೋಗಿ, ನೀಲಿ ಹೊದಿಕೆಯ ಮಾತೆಯ ಪಾದದ ಬಳಿ ಯಾರ್ಯಾರದೋ ಕೈಕಾಲು ಮನೆಗಳ ನಡುವೆ ನಮ್ಮ ಮೇಣದ ತಲೆಯನ್ನು ಇಟ್ಟು ಬಂದಿದ್ದಳು. ನಿನ್ನ ಮನಸ್ಸಿಗೆ ಸ್ವಲ್ಪ ಹಗುರವಾಯಿತೇ ಎಂದು ಕೇಳಿದೆ. ಅವಳು ನನ್ನನ್ನು ಆಶ್ಚರ್ಯದಿಂದ ನೋಡಿದಳು.

“ನನ್ನ ಮನಸ್ಸಿಗೆ ಎಂತ ಆಗಿದೆ? ನಾನು ಕೇಳಿದ್ದು ನಿಮ್ಮದಕ್ಕೆ. ನನ್ನ ಕುತ್ತಿಗೆ ನೋಡ್ಲಿಕ್ಕೆ ಡಾಕ್ಟ್ರು ಉಂಟು. ನಾಳೆ ನನಗೆ ಎಂತಾದ್ರೂ ಆದ್ರೆ ನೀವು ಒಂದು ಕಡೆ ಕೂತ್ಕೊಳ್ಳುವುದು ಹೇಗೆ? ನಿಮಗೆ ಒಬ್ರಿಗೇ ಊಟಕ್ಕೂ ಕೂತು ಗೊತ್ತಿಲ್ಲ.”

ತನ್ನ ಕುತ್ತಿಗೆಯಲ್ಲಿ ಗಂಟನ್ನು ಇಟ್ಟುಕೊಂಡು ಇವಳು ನನ್ನ ತಲೆಗೆ ಹರಕೆ ಹೊತ್ತಿದ್ದಳು, ನಾನು ವಿಚಾರವಾದದ ಮುಸುಕಿನಲ್ಲಿ ಅವಳ ಕತ್ತನ್ನು ಹುಡುಕಿದ್ದೆ. ಇಬ್ಬರೂ ಬಯಸಿದ್ದು ಒಂದೇ ಅಚ್ಚಿನಲ್ಲಿ ಬಂದಿತ್ತು. ಬೇರೆಯಾಗಿ ಬರುವುದಿಲ್ಲ, ಜೊತೆಗೇ ಬರುತ್ತದೆ ಎಂದು ಗೇಟಿನ ಹೆಂಗಸು ವ್ಯಾಪಾರದ ಮಾತು ಹೇಳಿದ್ದಳು. ಅಷ್ಟೊಂದು ಚಿನ್ನದ ನಡುವೆ, ಪೀಠದ ಬದಿಯಲ್ಲಿ, ಕೆಂಪು ಗಾಜಿನೊಳಗೆ ಒಂದು ಸಣ್ಣ ದೀಪ ಉರಿಯುತ್ತಿತ್ತು. ನಮ್ಮ ನಂದಾದೀಪದ ಹಾಗೆ ಅದನ್ನೂ ಆರಲು ಬಿಡುವುದಿಲ್ಲವಂತೆ. ನನ್ನ ಕಣ್ಣು ಮೊದಲ ಬಾರಿಗೆ ಅಲ್ಲಿ ಕೂತಿತು.

ಹಿಂತಿರುಗುವಾಗ ದಾದರಿನಲ್ಲಿ ಬೋರಿವಲಿಯ ಸ್ಲೋ ಬಂತು. ವಸಂತಿ ಲೇಡೀಸ್ ಡಬ್ಬಿಯ ಕಡೆ ಹೋಗದೆ ನನ್ನ ಹಿಂದೆಯೇ ಜನರಲ್ಲಿಗೆ ಹತ್ತಿದಳು. ಮಧ್ಯಾಹ್ನವಾದ್ದರಿಂದ ಇಬ್ಬರಿಗೂ ಸೀಟು ಸಿಕ್ಕಿತು. ಮಾಹಿಮ್ ದಾಟುವಷ್ಟರಲ್ಲಿ ಅವಳಿಗೆ ನಿದ್ದೆ ಬಂತು. ಮನೆಯಲ್ಲಿ ಎಷ್ಟೋ ದಿನದಿಂದ ಅವಳೂ ನಿದ್ದೆ ಮಾಡಿರಲಿಲ್ಲವೆಂಬುದು ನನಗೆ ಆಗಲೇ ತಿಳಿದದ್ದು. ತಲೆ ಮೆಲ್ಲಗೆ ನನ್ನ ಬಲಹೆಗಲಿಗೆ ವಾಲಿತು, ಸೆರಗು ಸರಿದು ಆ ಗಂಟು ಕಂಡಿತು. ನಾನು ಕತ್ತನ್ನು ಒಂದು ಬದಿಗೆ ಓರೆ ಮಾಡಿ ಅವಳ ತಲೆಗೆ ಜಾಗ ಕೊಟ್ಟೆ. ಖಾರ್ ಬಂತು, ನಾನು ಏಳಲಿಲ್ಲ. ಸಾಂತಾಕ್ರೂಜ್ ಬಂತು, ವಿಲೇಪಾರ್ಲೆ ಬಂತು. ಅಂಧೇರಿ ಬಂತು; ಜನ ಇಳಿದರು, ಜನ ಹತ್ತಿದರು, ಸೇತುವೆಯ ಮೆಟ್ಟಿಲುಗಳು ಕಿಟಕಿಯಲ್ಲಿ ಹಿಂದಕ್ಕೆ ಸರಿದವು. ಕತ್ತಿನ ನರ ಎಳೆಯತೊಡಗಿತ್ತು, ಕಾಲು ಜೋಮು ಹಿಡಿದಿತ್ತು. ನಾನು ಉಸಿರನ್ನೂ ನಿಧಾನವಾಗಿ ಬಿಡುತ್ತ ಬೋರಿವಲಿಯವರೆಗೆ ಹಾಗೆಯೇ ಕೂತಿದ್ದೆ. ಎಚ್ಚರವಾದಾಗ ಅವಳು ಗಾಬರಿಯಿಂದ ಅಂಧೇರಿ ಹೋಯಿತೇ ಎಂದು ಕೇಳಿದಳು. ನನಗೂ ಕಣ್ಣು ಹತ್ತಿತ್ತು ಎಂದೆ.

ನಿನ್ನೆ ಸಂಜೆ ರಿಪೋರ್ಟು ಬಂತು. ಗಂಟು ಒಳ್ಳೆಯದಲ್ಲ, ತೆಗೆಯಲೇಬೇಕು. ಆದರೆ ಗುಣವಾಗುವ ಜಾತಿಯದು ಎಂದರು ಡಾಕ್ಟರು. ಜಾತಿ ಎಂಬ ಶಬ್ದ ಕೇಳಿ ನನಗೆ ಸಮಾಧಾನವಾದದ್ದು ಬದುಕಿನಲ್ಲಿ ಅದೇ ಮೊದಲು. ಮುಂದಿನ ವಾರ ಕತ್ತಿಗೆ ಕತ್ತಿ ತಾಗಲಿದೆ. ಭಯ ಹೋಗಿದೆಯೇ ಎಂದು ನೀವು ಕೇಳಿದರೆ, ಹೋಗಿಲ್ಲ. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಅಷ್ಟು ಹೊತ್ತು ಕೂರಬೇಕಲ್ಲ ಎಂದು ಈಗಲೇ ಅಂಗಾಲು ತುರಿಸುತ್ತಿದೆ.

ಇದನ್ನು ಬರೆಯುತ್ತಿರುವಾಗ ವಸಂತಿ ಸೆವ್ರಿನ್ ಬಾಯಿ ಕೊಟ್ಟ ನೋವಿನ ಎಣ್ಣೆಯನ್ನು ಬಿಸಿ ಮಾಡಿಕೊಂಡು ಬಂದಿದ್ದಾಳೆ. ಪ್ರಾಯಕ್ಕೆ ತಕ್ಕ ಹಾಗೆ ಇರಬೇಕು, ಸಣ್ಣ ಮಕ್ಕಳ ಹಾಗೆ ಇಗರ್ಜಿಯ ಮಾಡು ನೋಡುತ್ತ ನಿಂತರೆ ಕತ್ತು ಹಿಡಿಯದೆ ಇನ್ನೇನಾಗುತ್ತದೆ ಎಂದು ಬೈಯುತ್ತ ಉಜ್ಜುತ್ತಿದ್ದಾಳೆ. ಹೌದು, ಆ ಚಾವಣಿಯದೇ ತಪ್ಪು ಎಂದು ನಾನು ಒಪ್ಪಿಕೊಂಡೆ. ನೋವಿರುವ ಜಾಗ ಅವಳಿಗೆ ಕೂಡಲೇ ಸಿಕ್ಕಿತು: ಬಲಗಡೆ, ಹೆಗಲು ಸೇರುವಲ್ಲಿ, ಒಂದು ತಲೆ ಒರಗುವಷ್ಟು ಅಗಲ. ಅವಳ ಬೆರಳು ಅಲ್ಲಿ ಒಂದು ಗಳಿಗೆ ನಿಂತಿತು, ಬೈಗುಳವೂ ನಿಂತಿತು.

“ಇನ್ನು ಸ್ವಲ್ಪ ಹೊತ್ತು ಅಲುಗಾಡ್ಬೇಡಿ” ಎಂದಳು.

ನಾನು ಅಲುಗಾಡಲಿಲ್ಲ.